ಮರಳಿನಲ್ಲಿ ಸಿಕ್ಕ ಜೊತೆಗಾರ: ‘ಜರ್ನಿ’ ಆಡಿದ ಮೇಲೆ

‘ಜರ್ನಿ’ಯನ್ನು ನಮ್ಮ ಮನೆಯಲ್ಲಿ ಈವರೆಗೆ ಮೂರು ಸಲ ಆಡಿ ಮುಗಿಸಿದ್ದೇವೆ. ಎರಡು ಸಲ ನಾನು, ಒಂದು ಸಲ ಅಮ್ಮ. ಅಮ್ಮನಿಗೆ ಈಗ 68. ಅದಕ್ಕೂ ಮೊದಲು ಒಂದೇ ಒಂದು ವಿಡಿಯೋ ಗೇಮ್ ಮುಟ್ಟಿದವರಲ್ಲ. ನಾನು ಆಡಿದ್ದಕ್ಕಿಂತ ಅವರು ಆಡಿದ್ದನ್ನು ನೋಡಿದ ಮೇಲೆಯೇ ಇದರ ಬಗ್ಗೆ ಬರೆಯಬೇಕು ಅನ್ನಿಸಿತು.

ಮೊದಲು ಗೇಮ್ ಏನು ಅಂತ ಹೇಳಿಬಿಡುತ್ತೇನೆ. ಕೆಂಪು ನಿಲುವಂಗಿ ತೊಟ್ಟ ಒಂದು ಆಕೃತಿ ಮರಳುಗಾಡಿನಲ್ಲಿ ಕೂತಿದೆ. ಕೈ ಇಲ್ಲ, ಬಾಯಿ ಇಲ್ಲ, ಮುಸುಕಿನ ಒಳಗೆ ಎರಡು ಕಣ್ಣು ಮಾತ್ರ ಹೊಳೆಯುತ್ತವೆ. ಎದ್ದು ಪಕ್ಕದ ದಿಬ್ಬ ಹತ್ತಿದರೆ ದೂರದಲ್ಲಿ ಒಂದು ಬೆಟ್ಟ ಕಾಣುತ್ತದೆ, ಅದರ ತುದಿ ಸೀಳಿದಂತಿದೆ, ಸೀಳಿನಿಂದ ಬೆಳಕು ಬರುತ್ತಿದೆ. ಅಲ್ಲಿಗೆ ಹೋಗು ಅಂತ ಯಾರೂ ಹೇಳುವುದಿಲ್ಲ. ಆದರೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಹೋಗಬೇಕಾದ್ದು ಅಲ್ಲಿಗೇ. ನಡೆಯುವುದು, ಮರಳಿನಲ್ಲಿ ಜಾರುವುದು, ಸ್ವಲ್ಪ ಹೊತ್ತು ಹಾರುವುದು, ಒಂದು ಸಣ್ಣ ದನಿ ಹೊರಡಿಸುವುದು. ಇಷ್ಟೇ ಮಾಡಲು ಬರುವುದು. ಗನ್ ಇಲ್ಲ, ಪಾಯಿಂಟ್ ಇಲ್ಲ, ಸಾಯುವುದೂ ಇಲ್ಲ. ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಇದು ಹಳೇ ಗೇಮ್. 2012ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂತು, 2015ರಲ್ಲಿ ಪ್ಲೇಸ್ಟೇಷನ್ 4ಕ್ಕೆ, 2019ರಲ್ಲಿ ಕಂಪ್ಯೂಟರಿಗೆ ಮತ್ತು ಐಫೋನಿಗೆ, 2020ರಲ್ಲಿ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ. ನಾವು ಆಡಿದ್ದು ಸ್ಟೀಮ್‌ನಲ್ಲಿ. ಮಾಡಿದ್ದು ಕ್ಯಾಲಿಫೋರ್ನಿಯಾದ ದಟ್‌ಗೇಮ್‌ಕಂಪನಿ ಅನ್ನುವ ಸಣ್ಣ ತಂಡ, ಮುಂದೆ ನಿಂತು ಮಾಡಿಸಿದವರು ಶಾಂಘೈನಲ್ಲಿ ಬೆಳೆದ ಜೆನೋವಾ ಚೆನ್. ದುಡ್ಡು ಹಾಕಿದ್ದು ಸೋನಿ. ಅಂದುಕೊಂಡದ್ದಕ್ಕಿಂತ ಜಾಸ್ತಿ ಕಾಲ ಹಿಡಿದು, ಮುಗಿಯುವ ಹೊತ್ತಿಗೆ ತಂಡದ ಕೈ ಪೂರ್ತಿ ಖಾಲಿಯಾಗಿತ್ತು ಅಂತ ಚೆನ್ ಆಮೇಲೆ ಹೇಳಿದ್ದಾರೆ.

‘ವಿಡಿಯೋ ಗೇಮ್ ಕಲೆ ಆಗುತ್ತದಾ’ ಅನ್ನುವ ಜಗಳ ಬಂದಾಗಲೆಲ್ಲ ನಾನು ಈ ಗೇಮನ್ನೇ ಮುಂದಿಡುತ್ತೇನೆ. ಅದಕ್ಕೆ ಒಂದು ಕಾರಣ, ಆ ಜಗಳದಲ್ಲಿ ಈ ತಂಡವೇ ಸಿಕ್ಕಿಹಾಕಿಕೊಂಡಿತ್ತು. ತಂಡ ಕಟ್ಟಿದ ಇಬ್ಬರಲ್ಲಿ ಇನ್ನೊಬ್ಬರು ಕೆಲ್ಲಿ ಸ್ಯಾಂಟಿಯಾಗೊ. ಗೇಮ್‌ಗಳು ಆಗಲೇ ಕಲೆ ಆಗಿವೆ ಅಂತ ಅವರು ಒಂದು ಭಾಷಣ ಮಾಡಿದ್ದರು. ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ 2010ರ ಏಪ್ರಿಲ್‌ನಲ್ಲಿ ಆ ಭಾಷಣವನ್ನು ಎತ್ತಿಕೊಂಡು, ವಿಡಿಯೋ ಗೇಮ್ ಯಾವತ್ತೂ ಕಲೆ ಆಗಲಾರದು ಅಂತ ಬರೆದರು. ಎಬರ್ಟ್ ಸಾಮಾನ್ಯ ಮನುಷ್ಯ ಅಲ್ಲ, ಸಿನಿಮಾ ವಿಮರ್ಶೆಗೆ ಮೊದಲ ಪುಲಿಟ್ಜರ್ ಪಡೆದವರು. ಅವರ ವಾದ ಎರಡು. ಒಂದು, ಗೇಮ್ ಅಂದರೆ ನಿಯಮ ಇರುತ್ತದೆ, ಗುರಿ ಇರುತ್ತದೆ, ಗೆಲ್ಲಬಹುದು. ಕಲೆಯನ್ನು ಗೆಲ್ಲಲು ಆಗುವುದಿಲ್ಲ, ಅನುಭವಿಸಬೇಕು. ಎರಡನೆಯದು ಅದಕ್ಕೂ ಮೊದಲಿನಿಂದ ಅವರು ಹೇಳುತ್ತಿದ್ದ ಮಾತು. ಕಲೆಯಲ್ಲಿ ಏನಾಗಬೇಕು ಅಂತ ಮಾಡಿದವರು ತೀರ್ಮಾನಿಸಬೇಕು, ಗೇಮ್‌ನಲ್ಲಿ ಆ ತೀರ್ಮಾನ ಆಡುವವರ ಕೈಗೆ ಹೋಗುತ್ತದೆ.

ಸಾವಿರಾರು ಜನ ಅವರ ಮೇಲೆ ಮುಗಿಬಿದ್ದರು. ಜುಲೈನಲ್ಲಿ ಮತ್ತೆ ಬರೆದು, ಆಡದೇ ಮಾತಾಡಬಾರದಿತ್ತು ಅಂತ ಒಪ್ಪಿಕೊಂಡರು, ಆದರೆ ಅಭಿಪ್ರಾಯ ಬಿಟ್ಟುಕೊಡಲಿಲ್ಲ. ನನಗೆ ಅದು ಗೌರವದ ನಡೆ ಅನ್ನಿಸಿತು. ಅವರ ಪ್ರಶ್ನೆಯೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದಾಗಿ ಎರಡೇ ವರ್ಷಕ್ಕೆ ಅದೇ ತಂಡದಿಂದ ‘ಜರ್ನಿ’ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಮ್ಮನ ತವರು ಕುಂದಾಪುರದ ಹತ್ತಿರ. ಆ ಕಡೆ ಯಾರೂ ‘ಯಕ್ಷಗಾನ ನೋಡಲು ಹೋಗುತ್ತೇನೆ’ ಅನ್ನುವುದಿಲ್ಲ. ‘ಇವತ್ತು ಆಟ ಉಂಟು’ ಅನ್ನುತ್ತಾರೆ. ಬಯಲಿನಲ್ಲಿ ಆದರೆ ಬಯಲಾಟ. ಹರಕೆ ಹೊತ್ತು ಆಡಿಸಿದರೆ ಹರಕೆ ಆಟ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೆಸರು ಕೊಟ್ಟು ಜನ ವರ್ಷಗಟ್ಟಲೆ ಕಾಯುತ್ತಾರೆ. ಉತ್ತರ ಕರ್ನಾಟಕಕ್ಕೆ ಹೋದರೆ ದೊಡ್ಡಾಟ, ಸಣ್ಣಾಟ. ಗೊಂಬೆ ಕುಣಿಸಿದರೆ ಗೊಂಬೆಯಾಟ. ನಾಟಕವನ್ನೂ ನಾವು ‘ಆಡುತ್ತೇವೆ’. ಕಬಡ್ಡಿಗೂ ಅದೇ ಪದ, ಚೌಕಾಬಾರಕ್ಕೂ ಅದೇ ಪದ. ಇಂಗ್ಲಿಷಿನವರಿಗೆ ಗೇಮ್ ಒಂದು ಕೋಣೆ, ಕಲೆ ಇನ್ನೊಂದು ಕೋಣೆ; ನಡುವೆ ಗೋಡೆ ಒಡೆಯಬೇಕಾ ಬೇಡವಾ ಅಂತ ಜಗಳ. ನಮ್ಮ ಭಾಷೆಯಲ್ಲಿ ಎರಡೂ ಒಂದೇ ಅಂಗಳದಲ್ಲಿವೆ. ಪದ ಒಂದೇ ಇದ್ದ ಮಾತ್ರಕ್ಕೆ ವಾದ ಗೆದ್ದಂತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಪದ ಹಾಗೆ ಬೆಳೆದದ್ದರ ಹಿಂದೆ ಒಂದು ಅನುಭವ ಇದೆ, ಎಬರ್ಟ್ ಅವರ ಎರಡನೇ ವಾದಕ್ಕೆ ಉತ್ತರ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಪದ ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ. ವಾಲಿವಧೆ ಪ್ರಸಂಗವನ್ನೇ ತಗೊಳ್ಳಿ. ವಾಲಿ ಸಾಯುತ್ತಾನೆ, ಅದು ಸಣ್ಣ ಮಗುವಿಗೂ ಗೊತ್ತು. ಆದರೆ ಬಾಣ ನಾಟಿದ ಮೇಲೆ ‘ಮರೆಯಲ್ಲಿ ನಿಂತು ಯಾಕೆ ಹೊಡೆದೆ’ ಅಂತ ವಾಲಿ ರಾಮನನ್ನು ಕೇಳುವುದಿದೆಯಲ್ಲ, ಅದು ಒಂದು ರಾತ್ರಿಯಂತೆ ಇನ್ನೊಂದು ರಾತ್ರಿ ಇರುವುದಿಲ್ಲ. ಎದುರಿಗೆ ಕೂತ ರಾಮ ಏನು ಹೇಳುತ್ತಾನೆ ಅನ್ನುವುದರ ಮೇಲೆ ವಾಲಿಯ ಮಾತು ತಿರುಗುತ್ತದೆ. ಪ್ರಸಂಗಕರ್ತ ದಾರಿ ಹಾಕಿಟ್ಟಿದ್ದಾನೆ, ನಡೆಯುವವರು ಬೇರೆ. ನಡೆಯುವವರ ಕೈಗೆ ಬಿಟ್ಟ ಮಾತ್ರಕ್ಕೆ ಅದು ಕಲೆ ಅಲ್ಲ ಅಂತ ಕರಾವಳಿಯಲ್ಲಿ ಯಾರಾದರೂ ಹೇಳಿಯಾರಾ?

‘ಜರ್ನಿ’ ಇರುವುದೂ ಹೀಗೆಯೇ. ಬೆಟ್ಟ ತಲುಪುವುದು ಮೊದಲೇ ತೀರ್ಮಾನ ಆಗಿದೆ. ಮುರಿದ ಸೇತುವೆ, ಗುಲಾಬಿ ಬಣ್ಣದ ಮರಳು, ಹೂತುಹೋದ ಊರು, ನೀಲಿ ಕತ್ತಲೆಯ ನೆಲಮಾಳಿಗೆ, ಗೋಪುರ, ಹಿಮ, ಎಲ್ಲವೂ ಇದೇ ಕ್ರಮದಲ್ಲಿ ಬರುತ್ತವೆ. ಅಲ್ಲಿ ನೀವು ಹೇಗೆ ನಡೆಯುತ್ತೀರಿ, ಯಾರ ಜೊತೆ ನಡೆಯುತ್ತೀರಿ ಅನ್ನುವುದು ಮಾತ್ರ ನಿಮ್ಮದು.

ಯಾರ ಜೊತೆ ಅನ್ನುವುದೇ ಈ ಗೇಮ್‌ನ ಜೀವ. ಎರಡನೇ ಭಾಗದಿಂದ, ಇಂಟರ್ನೆಟ್ ಇದ್ದರೆ, ನಿಮ್ಮಂತೆಯೇ ಕಾಣುವ ಇನ್ನೊಂದು ಆಕೃತಿ ಎದುರಾಗಬಹುದು. ಅದು ಗೇಮ್‌ನ ಪಾತ್ರ ಅಲ್ಲ, ಪ್ರಪಂಚದ ಇನ್ನೆಲ್ಲೋ ಕೂತು ಅದೇ ಹೊತ್ತಿನಲ್ಲಿ ಆಡುತ್ತಿರುವ ನಿಜವಾದ ಮನುಷ್ಯ. ಹೆಸರು ಕಾಣುವುದಿಲ್ಲ. ಮೈಕ್ ಇಲ್ಲ, ಚಾಟ್ ಇಲ್ಲ. ಒಂದು ಬಟನ್ ಒತ್ತಿದರೆ ಟಿಂಗ್ ಅಂತ ಸಣ್ಣ ದನಿ, ಒತ್ತಿ ಹಿಡಿದರೆ ದೊಡ್ಡ ದನಿ. ಮಾತಾಡಲು ಇರುವುದು ಇಷ್ಟೇ. ಇಬ್ಬರೂ ಮೈಗೆ ಮೈ ತಾಗುವಷ್ಟು ಹತ್ತಿರ ಬಂದರೆ, ಹಾರುವ ಶಕ್ತಿ ತುಂಬಿಕೊಳ್ಳುವ ಅವರ ಕೊರಳಿನ ಶಲ್ಯಗಳು ಹೊಳೆಯುತ್ತವೆ, ಮತ್ತೆ ಹಾರುವ ಶಕ್ತಿ ಬರುತ್ತದೆ.

ಇದು ಹೇಗೆ ಬಂತು ಅನ್ನುವ ಕಥೆ ನನಗೆ ತುಂಬಾ ಇಷ್ಟ. ಮೊದಲು ಮಾಡಿದ ಮಾದರಿಯಲ್ಲಿ ಆಟಗಾರರು ಒಬ್ಬರನ್ನೊಬ್ಬರು ತಳ್ಳಬಹುದಿತ್ತಂತೆ. ಕಷ್ಟದ ಜಾಗದಲ್ಲಿ ಕೈಹಿಡಿದು ದಾಟಿಸಲಿ ಅನ್ನುವ ಉದ್ದೇಶ. ಆಗಿದ್ದು ಉಲ್ಟಾ. ಜನ ಜೊತೆಗಾರರನ್ನು ಗುಂಡಿಗೆ ತಳ್ಳಿ ಖುಷಿಪಟ್ಟರು, ಮಾಡಿದವರೇ ಆಡಿದಾಗಲೂ ತಳ್ಳಿದರು. ಚೆನ್ ಬೇಸರದಿಂದ ಒಬ್ಬ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕೇಳಿದರು. ಹೊಸ ಲೋಕಕ್ಕೆ ಬಂದ ಆಟಗಾರ ಮಗುವಿನಂತೆ, ಯಾವುದನ್ನು ಮಾಡಿದರೆ ಜಾಸ್ತಿ ಸದ್ದು ಬರುತ್ತದೋ ಅದನ್ನೇ ಮಾಡುತ್ತಾನೆ, ಬೇಡದ ಕೆಲಸಕ್ಕೆ ಪ್ರತಿಫಲ ಸಿಗದಂತೆ ಮಾಡಿ ಅನ್ನುವ ಅರ್ಥದ ಉತ್ತರ ಬಂತು. ತಳ್ಳುವುದನ್ನು ತೆಗೆದರು. ಹತ್ತಿರ ಬಂದರೆ ಶಕ್ತಿ ಸಿಗುವಂತೆ ಮಾಡಿದರು. ಅದೇ ಜನ, ಅದೇ ಕೈ, ಈಗ ಒಬ್ಬರಿಗೊಬ್ಬರು ಅಂಟಿಕೊಂಡು ನಡೆಯತೊಡಗಿದರು.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಕವಿ ಒಂದು ಪದ ಹೊಡೆದುಹಾಕಿ ಇನ್ನೊಂದು ಇಡುತ್ತಾನಲ್ಲ, ಅದೇ ಕೆಲಸ ಇದು ಅಂತ. ಇಲ್ಲಿ ಪದದ ಬದಲು ನಿಯಮ ಇದೆ, ಅಷ್ಟೇ. ಬಣ್ಣ, ಸಂಗೀತ, ಚಿತ್ರ ಚೆನ್ನಾಗಿದೆ, ಹಾಗಾಗಿ ಗೇಮ್ ಕಲೆ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಆ ವಾದ ಸಾಲದು. ಚಿತ್ರ ಚೆಂದ ಇದ್ದರೆ ಚಿತ್ರ ಕಲೆ ಆಯಿತು, ಗೇಮ್ ಏನಾಯಿತು? ಇನ್ನೊಬ್ಬರ ಹತ್ತಿರ ಹೋಗಿ ನಿಲ್ಲಬೇಕು ಅಂತ ನನ್ನ ಕೈಗೆ ತಾನಾಗಿ ಅನ್ನಿಸುವಂತೆ ಮಾಡುವುದಿದೆಯಲ್ಲ, ಅದನ್ನು ಸಿನಿಮಾ ಮಾಡಲಾರದು, ಕಾದಂಬರಿ ಮಾಡಲಾರದು. ಅಲ್ಲಿ ಬೇರೆಯವರು ಹತ್ತಿರ ಹೋಗುವುದನ್ನು ನಾನು ನೋಡುತ್ತೇನೆ. ಇಲ್ಲಿ ಹೋದವನು ನಾನೇ.

ಸರಿ, ಅಮ್ಮನ ವಿಷಯ. ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಕಂಟ್ರೋಲರ್ ಅವರ ಕೈಗೆ ಕೊಟ್ಟೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಅದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ, ಯಾಕೆಂದರೆ ಮೆನು ದಾಟಿದ ಮೇಲೆ ಓದಲು ಏನೂ ಇಲ್ಲ. ಆದರೆ ಮೊದಲ ಹದಿನೈದು ನಿಮಿಷ ಕಷ್ಟವೇ. ಎಡಗೈಯಲ್ಲಿ ನಡೆಯಬೇಕು, ಬಲಗೈಯಲ್ಲಿ ನೋಟ ತಿರುಗಿಸಬೇಕು. ಎರಡೂ ಒಟ್ಟಿಗೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಬರೀ ಮರಳು ಕಾಣುತ್ತಿತ್ತು, ಒಮ್ಮೆ ಬರೀ ಆಕಾಶ. ನಾನು ಕೈ ಹಾಕಲು ಹೋದೆ, ಬೇಡ ಅಂದರು. ನಿಧಾನವಾಗಿ ಹಿಡಿತ ಸಿಕ್ಕಿತು. ಮೊದಲ ಸಲ ದಿಬ್ಬದಿಂದ ಜಾರಿದಾಗ ‘ಅಯ್ಯೋ’ ಅಂದು ಕಾಲು ಮೇಲೆತ್ತಿ ಸೋಫಾದ ಮೇಲೆ ಇಟ್ಟುಕೊಂಡರು.

ಸೇತುವೆಯ ಹತ್ತಿರ ಒಬ್ಬರು ಸಿಕ್ಕರು. ‘ಇದು ಯಾರು?’ ಅಂತ ಕೇಳಿದರು. ಯಾರೋ ಅಮ್ಮ, ಎಲ್ಲೋ ಕೂತು ಆಡುತ್ತಿದ್ದಾರೆ ಅಂದೆ. ‘ಯಾವ ಊರಿನವರು?’ ಗೊತ್ತಾಗುವುದಿಲ್ಲ. ‘ಗಂಡಸಾ ಹೆಂಗಸಾ?’ ಅದೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಟನ್ ಒತ್ತಿದರು. ಟಿಂಗ್. ಆ ಕಡೆಯಿಂದಲೂ ಟಿಂಗ್. ಅಮ್ಮ ಮತ್ತೆ ಒತ್ತಿದರು. ಅವರೂ ಒತ್ತಿದರು. ಹೀಗೇ ಎರಡು ಮೂರು ನಿಮಿಷ ಇಬ್ಬರೂ ಒಂದೇ ಜಾಗದಲ್ಲಿ ನಿಂತಿದ್ದರು. ಆ ಇನ್ನೊಬ್ಬರಿಗೆ ಆಟ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಅವರ ಶಲ್ಯ ಉದ್ದ ಇತ್ತು, ದಾರಿಯಲ್ಲಿ ಅಡಗಿರುವ ಹೊಳೆಯುವ ಗುರುತುಗಳನ್ನು ಹುಡುಕಿದಷ್ಟೂ ಅದು ಉದ್ದವಾಗುತ್ತದೆ. ಅಮ್ಮ ದಾರಿ ತಪ್ಪಿದಾಗಲೆಲ್ಲ ಹಿಂದೆ ಬಂದು ದನಿ ಮಾಡಿ ಕರೆಯುತ್ತಿದ್ದರು, ಬರುವವರೆಗೆ ಕಾಯುತ್ತಿದ್ದರು.

ಹೂತುಹೋದ ಊರಿನಲ್ಲಿ ಒಂದು ಜಾಗ ಇದೆ. ಕಂಬಗಳ ಸಾಲಿನ ನಡುವೆ ಜಾರಿಕೊಂಡು ಹೋಗುವಾಗ ನೋಟ ತಾನಾಗಿ ಪಕ್ಕಕ್ಕೆ ತಿರುಗುತ್ತದೆ, ಮುಳುಗುವ ಸೂರ್ಯ, ಮರಳೆಲ್ಲ ಚಿನ್ನ. ಅಮ್ಮ ಏನೂ ಮಾತಾಡಲಿಲ್ಲ. ಅದು ಮುಗಿದ ಕೂಡಲೇ ನೆಲದ ಕೆಳಗೆ ಬೀಳುತ್ತೇವೆ, ಎಲ್ಲಾ ನೀಲಿ, ಸಮುದ್ರದ ತಳದ ಹಾಗೆ. ಅಲ್ಲಿ ಕಲ್ಲಿನ ಹಾವಿನಂಥ ಯಂತ್ರಗಳು ಹಾರುತ್ತವೆ, ಅವುಗಳ ಬೆಳಕಿಗೆ ಸಿಕ್ಕರೆ ಬಂದು ಹೊಡೆದು ಶಲ್ಯ ಹರಿದುಹಾಕುತ್ತವೆ. ಅಮ್ಮ ಸಿಕ್ಕಿಬೀಳುವ ಹಾಗಾದಾಗ ಜೊತೆಗಾರ ಅಡ್ಡ ಬಂದರು. ಬೇಕಂತ ಬಂದರಾ, ಆಕಸ್ಮಿಕವಾ, ಹೇಳಲು ಆಗುವುದಿಲ್ಲ. ಅವರ ಉದ್ದದ ಶಲ್ಯ ತುಂಡಾಯಿತು. ಅಮ್ಮ ಕಂಟ್ರೋಲರ್ ಕೆಳಗಿಟ್ಟರು. ‘ನನ್ನಿಂದ ಅವರಿಗೆ ಹೀಗಾಯಿತಲ್ಲ’ ಅಂದರು. ಮತ್ತೆ ಎತ್ತಿಕೊಂಡು, ಅವರ ಹತ್ತಿರ ಹೋಗಿ ನಿಂತು, ಬಟನ್ ಒತ್ತುತ್ತಲೇ ಇದ್ದರು.

ಗೆದ್ದರಾ ಅಂತ ಎಬರ್ಟ್ ಕೇಳಿದ್ದರೆ? ಕೊನೆಯಲ್ಲಿ ಬೆಳಕಿನ ಒಳಗೆ ನಡೆದುಹೋಗುತ್ತೇವೆ, ಆಮೇಲೆ ಅದೇ ಬೆಳಕು ಒಂದು ನಕ್ಷತ್ರವಾಗಿ ಬಂದ ದಾರಿಯನ್ನೆಲ್ಲ ಹಿಂದಕ್ಕೆ ಹಾರಿ, ಮೊದಲು ಕೂತಿದ್ದ ಮರಳಿಗೇ ಬಂದು ಇಳಿಯುತ್ತದೆ. ಗೆದ್ದದ್ದು ಏನೂ ಇಲ್ಲ. ದಾರಿಯಲ್ಲಿ ಸಿಕ್ಕಿದವರ ಹೆಸರು ಆಗ ಮಾತ್ರ ಪರದೆ ಮೇಲೆ ಬರುತ್ತದೆ. ಅಮ್ಮನ ಪಟ್ಟಿಯಲ್ಲಿ ಎರಡು ಹೆಸರಿದ್ದವು. ಒಬ್ಬರು ಬಿಟ್ಟು ಹೋದಾಗ ಇನ್ನೊಬ್ಬರು ಸೇರಿಕೊಂಡಿದ್ದಾರೆ, ಎಲ್ಲಿ ಅಂತ ನಮಗೆ ತಿಳಿಯಲೇ ಇಲ್ಲ. ಕೊನೆಯವರೆಗೂ ಒಬ್ಬರೇ ಇದ್ದರು ಅಂತ ಅಮ್ಮ ಅಂದುಕೊಂಡಿದ್ದರು. ಅದು ಅವರಿಗೆ ಸ್ವಲ್ಪ ಬೇಸರ ತಂದಿತು.

ಸಂಗೀತದ ಬಗ್ಗೆ. ಆಸ್ಟಿನ್ ವಿಂಟೋರಿ ಮಾಡಿದ್ದು. ಪಿಟೀಲಿನ ಜಾತಿಯ ದೊಡ್ಡ ವಾದ್ಯ, ಒಂದು ಚೆಲ್ಲೋ, ನಿಮ್ಮ ಪಾತ್ರದ ಜೊತೆಗೇ ನಡೆಯುತ್ತದೆ, ಒಂಟಿಯಾಗಿದ್ದಾಗ ಅದೂ ಒಂಟಿ. ಗ್ರ್ಯಾಮಿ ಪ್ರಶಸ್ತಿಯಲ್ಲಿ ಸಿನಿಮಾ, ಟಿವಿಯಂಥ ದೃಶ್ಯಮಾಧ್ಯಮಗಳ ಸಂಗೀತದ ವಿಭಾಗಕ್ಕೆ ನಾಮನಿರ್ದೇಶನ ಪಡೆದ ಮೊದಲ ಗೇಮ್ ಸಂಗೀತ ಇದು, 2013ರ ಪ್ರಶಸ್ತಿಗೆ. ಬರಲಿಲ್ಲ. ಗೇಮ್ ಸಂಗೀತಕ್ಕೇ ಪ್ರತ್ಯೇಕ ಗ್ರ್ಯಾಮಿ ಕೊಡಲು ಶುರು ಮಾಡಿದ್ದು 2023ರಲ್ಲಿ. ಆದರೂ ನನಗೆ ಇಲ್ಲೇ ಒಂದು ತಕರಾರು ಇದೆ. ಕೊನೆಯ ಭಾಗದಲ್ಲಿ ಸಂಗೀತ ಜಾಸ್ತಿ ಆಯಿತು. ಹಿಮದಲ್ಲಿ ಅಷ್ಟು ಹೊತ್ತು ಹೆಚ್ಚಾಗಿ ಗಾಳಿಯ ಸದ್ದನ್ನೇ ಕೇಳಿಸಿ ನಮ್ಮನ್ನು ಪೂರ್ತಿ ಹಿಡಿದಿಟ್ಟ ಮೇಲೆ, ಬೆಟ್ಟದ ತುದಿಗೆ ಏರುವಾಗ ವಾದ್ಯಗಳೆಲ್ಲ ಒಟ್ಟಿಗೆ ಮೇಲೆದ್ದು ‘ಈಗ ಆನಂದಪಡು’ ಅಂತ ಹೇಳಿದ ಹಾಗಾಗುತ್ತದೆ. ಅಮ್ಮನಿಗೆ ಅದೇ ಭಾಗ ಎಲ್ಲಕ್ಕಿಂತ ಇಷ್ಟವಾಯಿತು, ಅದನ್ನೂ ಹೇಳುತ್ತೇನೆ.

ಇನ್ನೂ ಕೆಲವು ಕೊರತೆ ಇವೆ. ಒಂದು ಭಾಗ ಮುಗಿದಾಗಲೆಲ್ಲ ಗೋಡೆಚಿತ್ರ ತೋರಿಸಿ ಹಳೇ ನಾಗರಿಕತೆಯ ಕಥೆ ಹೇಳುತ್ತಾರೆ, ಬಟ್ಟೆಯ ಶಕ್ತಿ, ಯಂತ್ರ, ಯುದ್ಧ. ಮೊದಲ ಸಲ ನನಗೆ ಅರ್ಧವೂ ತಲೆಗೆ ಹೋಗಲಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಕ್ಯಾಮೆರಾ ಗೋಡೆಗೆ ಅಂಟಿಕೊಳ್ಳುತ್ತದೆ. ಇಷ್ಟು ನಿಶ್ಶಬ್ದವಾದ ಗೇಮ್‌ನಲ್ಲೂ ಅದು ಮಾಡಿದರೆ ಬಹುಮಾನ, ಇದು ಮಾಡಿದರೆ ಬಹುಮಾನ ಅಂತ ಮೂಲೆಯಲ್ಲಿ ಚೀಟಿ ಹಾರುತ್ತದೆ. ದಯವಿಟ್ಟು ಸ್ಟೀಮ್‌ನಲ್ಲಿ ಅದನ್ನು ಬಂದ್ ಮಾಡಿಟ್ಟು ಆಡಿ. ಎಲ್ಲಕ್ಕಿಂತ ದೊಡ್ಡದು, ಜೊತೆಗಾರ ಸಿಗದೇ ಇರಬಹುದು. ನನ್ನ ಎರಡನೇ ಆಟದಲ್ಲಿ ಕಡೆಯವರೆಗೂ ಯಾರೂ ಬರಲಿಲ್ಲ. ಒಂಟಿಯಾಗಿ ಆಡಿದರೂ ಚೆನ್ನಾಗಿದೆ, ಆದರೆ ಅದು ಬೇರೆಯೇ ಗೇಮ್. ಸರ್ವರ್ ಒಂದು ದಿನ ನಿಂತರೆ ಈ ಕೃತಿಯ ಅರ್ಧ ಭಾಗ ಹೋದಂತೆಯೇ. ಅದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಗೇಮ್ ಕಲೆ ಹೌದು ಅನ್ನಲು ಜನ ಮ್ಯೂಸಿಯಂಗಳ ಹೆಸರು ಹೇಳುತ್ತಾರೆ. ನ್ಯೂಯಾರ್ಕಿನ ಮೋಮಾ 2012ರಲ್ಲಿ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿತು, ಟೆಟ್ರಿಸ್, ಪ್ಯಾಕ್‌ಮ್ಯಾನ್ ಜೊತೆಗೆ ಚೆನ್ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ ‘ಫ್ಲೋ’ ಕೂಡ ಇತ್ತು. ಆದರೆ ಅವನ್ನು ಸೇರಿಸಿಕೊಂಡದ್ದು ವಿನ್ಯಾಸದ ವಿಭಾಗ. ಸ್ಮಿತ್‌ಸೋನಿಯನ್ ಕಲಾ ಮ್ಯೂಸಿಯಂ ಅದೇ ವರ್ಷ 80 ಗೇಮ್‌ಗಳ ಪ್ರದರ್ಶನ ಮಾಡಿತು, ಮರುವರ್ಷ ಈ ತಂಡದ್ದೇ ‘ಫ್ಲವರ್’ ಅನ್ನು ತನ್ನದಾಗಿಸಿಕೊಂಡಿತು. ಸಂತೋಷ. ಆದರೆ ಮ್ಯೂಸಿಯಂ ಒಪ್ಪಿದ ಮೇಲೆ ಒಪ್ಪುವುದು ನನಗೆ ಬೇಕಿಲ್ಲ. ಎಲ್ಲಾ ಗೇಮೂ ಕಲೆ ಅಂತಲೂ ನಾನು ಹೇಳುವುದಿಲ್ಲ. ಮಕ್ಕಳ ಫೋನಿನಲ್ಲಿ ಐದು ನಿಮಿಷಕ್ಕೊಮ್ಮೆ ದುಡ್ಡು ಕೇಳುವ, ನಾಳೆ ಬರದಿದ್ದರೆ ನಷ್ಟ ಅಂತ ಹೆದರಿಸುವ ಗೇಮ್‌ಗಳಿವೆ. ಅಲ್ಲೂ ಯಾರೋ ಕೂತು, ಮನುಷ್ಯನ ಕೈ ಯಾವುದಕ್ಕೆ ಓಗೊಡುತ್ತದೆ ಅಂತ ಲೆಕ್ಕ ಹಾಕಿಯೇ ಮಾಡಿದ್ದಾರೆ. ಲೆಕ್ಕ ಒಂದೇ, ಆ ಕೈಯನ್ನು ಎಲ್ಲಿಗೆ ಕರೆದುಕೊಂಡು ಹೋದರು ಅನ್ನುವುದು ಬೇರೆ.

ತಗೊಳ್ಳುವವರಿಗೆ ಒಂದೆರಡು ಮಾತು. ಸ್ಟೀಮ್‌ನಲ್ಲಿ ಆಗಾಗ ಒಳ್ಳೇ ರಿಯಾಯಿತಿ ಬರುತ್ತದೆ, ಆತುರ ಇಲ್ಲದಿದ್ದರೆ ಕಾಯಿರಿ. ಹಳೇ ಗೇಮ್ ಆದ್ದರಿಂದ ತೀರಾ ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ. ಕಂಟ್ರೋಲರ್ ಇದ್ದರೆ ಮಾತ್ರ ಸುಖ, ಆದರೆ ಒಳ್ಳೆಯದನ್ನೇ ತಗೊಳ್ಳಿ. ನಾನು ಮೊದಲು ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ ಅಗ್ಗದ್ದು ವಾರದಲ್ಲೇ ಕೆಟ್ಟಿತು, ಬೆರಳು ತೆಗೆದರೂ ಪಾತ್ರ ಎಡಕ್ಕೇ ನಡೆಯುತ್ತಿತ್ತು, ವಾಪಸ್ ತಗೊಳ್ಳಲೂ ಇಲ್ಲ. ಹೆಡ್‌ಫೋನ್ ಹಾಕಿ, ಫೋನ್ ಇನ್ನೊಂದು ಕೋಣೆಯಲ್ಲಿಡಿ, ಎರಡು ಗಂಟೆ ಒಟ್ಟಿಗೆ ಸಿಗುವ ದಿನ ಮಾತ್ರ ಕೂರಿ. ಮಧ್ಯೆ ನಿಲ್ಲಿಸಿದರೆ ಜೊತೆಗಿದ್ದವರು ಹೋಗಿಬಿಡುತ್ತಾರೆ.

ಹಿಮದ ಭಾಗಕ್ಕೆ ಬಂದಾಗ ಹುಷಾರು. ಶಲ್ಯ ಹೆಪ್ಪುಗಟ್ಟುತ್ತದೆ, ಹಾರಲು ಆಗುವುದಿಲ್ಲ, ಗಾಳಿ ಹಿಂದಕ್ಕೆ ತಳ್ಳುತ್ತದೆ, ದನಿಯೂ ಕ್ಷೀಣಿಸುತ್ತದೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರನ್ನು ಬಿಟ್ಟು ಮುಂದೆ ಓಡಬೇಡಿ. ಕಲ್ಲಿನ ಮರೆ ಸಿಕ್ಕಲ್ಲಿ ನಿಲ್ಲಿ, ಅವರು ಬರಲಿ. ಒತ್ತಿಕೊಂಡು ನಿಂತರೆ ಇಬ್ಬರ ಶಲ್ಯವೂ ಸ್ವಲ್ಪ ಹೊತ್ತು ಮತ್ತೆ ಬೆಳಗುತ್ತದೆ.